ವಿಶಾಲಾಕ್ಷಮ್ಮನವರ ಬಿಸ್ಕತ್ ಡಬ್ಬಿ

ರಿಟೈರ್ಡ್ ಹೆಡ್‌ಮಿಸ್ ವಿಶಾಲಾಕ್ಷಮ್ಮನವರು ವಾಕಿಂಗ್‌ಗೆ ಬಂದರೆಂದರೆ ಪಾರ್ಕಿನ ಕಲ್ಲುಬೆಂಚೇ ಕ್ಲಿನಿಕ್...

ಕಂಕುಳಲ್ಲಿ ಹಳೇ ಬಿಸ್ಕತ್ ಡಬ್ಬಿ. ಅದರ ತುಂಬ ಮನೆಯವರೆಲ್ಲ ನುಂಗಿ ಉಳಿಸಿದ ಮಾತ್ರೆಗಳು! ಸಂಕ್ರಾಂತಿಗೆ ಎಳ್ಳು ಬೀರುವಂತೆ ಗೆಳತಿಯರಿಗೆಲ್ಲ ಬೀರುತ್ತಿದ್ದರು.

"ತಲೆನೋವಾ? ತಗೋ, ಈ ಬಿಳೀದು. ಮಂಡಿನೋವಾ? ಈ ಕೆಂಪುದು ನುಂಗು, ನಾಳೆ ಓಡ್ತೀಯ!"

ಫೀಸಿಲ್ಲ, ಕ್ಯೂ ಇಲ್ಲ. ಯಾರಾದರೂ "ಡಾಕ್ಟ್ರಮ್ಮ" ಎಂದರೆ ಟೀಚರಿಗೆ ಒಳಗೊಳಗೇ ಖುಷಿ.

ಕೆಂಪು ಮಾತ್ರೆಯ ಖಾಯಂ ಗಿರಾಕಿ, ಪ್ರಾಣಸ್ನೇಹಿತೆ ಜಯಶೀಲ. ದಿನಕ್ಕೆರಡು... ಆರು ತಿಂಗಳಿಂದ. ಡಬ್ಬಿಯಲ್ಲಿ ಮುಗಿದರೆ ಟೀಚರೇ ಅಂಗಡಿಯಿಂದ ತಂದು ತುಂಬುತ್ತಿದ್ದರು.

ಒಂದು ದಿನ ಜಯಶೀಲ ಬರಲಿಲ್ಲ. ಮರುದಿನವೂ ಇಲ್ಲ...

ಅವಳು ಆಸ್ಪತ್ರೆ ಸೇರಿದ್ದು ತಿಳಿದ ಟೀಚರ್ ಪಾರ್ಕಿನಿಂದಲೇ ಅಲ್ಲಿಗೆ ಓಡಿದರು. ಗೆಳತಿಯ ಮುಖ, ಕಾಲು ಎರಡೂ ಊದಿಕೊಂಡಿದ್ದವು.

"ಕಿಡ್ನಿ ಮುನಿಸ್ಕೊಂಡಿದೆಯಂತೆ ಕಣೇ. ನೋವಿನ ಮಾತ್ರೆ ಏನಾದ್ರೂ ತಗೋತಿದ್ರಾ ಅಂತ ಡಾಕ್ಟ್ರು ಮೂರು ಸಲ ಕೇಳಿದ್ರು... ಇಲ್ಲ ಅಂದ್ಬಿಟ್ಟೆ."

"ಅಯ್ಯೋ, ಯಾಕೇ ಸುಳ್ಳು ಹೇಳ್ದೆ?"

"ನಿನ್ನ ಹೆಸರು ಹೇಳಿದ್ರೆ ನಿಂಗೆ ಬೈಯಲ್ವಾ ಅವ್ರು? ಪಾಪ, ಪ್ರೀತಿಯಿಂದ ಕೊಟ್ಟಿದ್ದೆ..."

ಟೀಚರ್ ಕಂಕುಳಲ್ಲಿದ್ದ ಡಬ್ಬಿಯತ್ತ ನೋಡಿದರು. ನನ್ನ ಮಾನ ಉಳಿಸಲು ಇವಳು ಪ್ರಾಣವನ್ನೇ ಒತ್ತೆ ಇಟ್ಟಿದ್ದಾಳೆ!

ಸೀದಾ ಡಾಕ್ಟರ ರೂಮಿಗೆ ಹೋಗಿ, ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಸಾರ್, ಜಯಶೀಲ ಸುಳ್ಳು ಹೇಳಿದಾಳೆ. ಆರು ತಿಂಗಳಿಂದ ಅವಳಿಗೆ ಈ ಕೆಂಪು ಮಾತ್ರೆ ಕೊಡ್ತಿರೋ ಡಾಕ್ಟ್ರು... ನಾನೇ."

ಡಾಕ್ಟರು ಮಾತ್ರೆಗಳ ರಾಶಿಯನ್ನೂ, ಅವರ ಕಣ್ಣೀರನ್ನೂ ನೋಡಿದರು.

"ಹೇಳಿ ಒಳ್ಳೇದು ಮಾಡಿದ್ರಿ ಮೇಡಂ. ನಿಮ್ಮ ಮನೆಯವರಿಗೆ ಒಗ್ಗಿದ ಮಾತ್ರೆ ಅವರಿಗೂ ಒಗ್ಗಬೇಕಲ್ಲ? ಅವರಿಗೆ ಶುಗರ್ ಬೇರೆ ಇದೆ. ಈಗ್ಲೇ ನಿಲ್ಲಿಸಿದ್ರೆ ಕಿಡ್ನಿ ಸುಧಾರಿಸುತ್ತೆ. ಇನ್ನೂ ಸ್ವಲ್ಪ ದಿನ ಹೋಗಿದ್ರೆ ನನ್ನ ಕೈಲೂ ಆಗ್ತಿರಲಿಲ್ಲ."

ಆಮೇಲೆ ಮೆಲ್ಲಗೆ ನಕ್ಕರು. "ಆದ್ರೆ ನಿಮ್ಮ ಪ್ರಾಕ್ಟೀಸು ಇವತ್ತಿಗೆ ಬಂದ್!"

ಟೀಚರ್ ಅಳುತ್ತಲೇ ನಕ್ಕುಬಿಟ್ಟರು.

ಎರಡು ತಿಂಗಳ ನಂತರ ಅದೇ ಬೆಂಚು, ಅದೇ ಡಬ್ಬಿ... ಒಳಗೆ ಘಮಘಮ ಕೋಡುಬಳೆ!

ಗೆಲುವಾಗಿ ನಡೆದು ಬಂದ ಜಯಶೀಲ ಆಸೆಯಿಂದ ಕೈ ಹಾಕಿದ್ದೇ ತಡ, ಟೀಚರ್ ಫಟ್ಟನೆ ಮುಚ್ಚಳ ಮುಚ್ಚಿದರು.

"ನಿಂಗೆ ಉಪ್ಪು ಕಮ್ಮಿ ಅಂದಿದಾರೆ. ಮೊದ್ಲು ಹೋಗಿ ಡಾಕ್ಟ್ರನ್ನ ಕೇಳ್ಕೊಂಡು ಬಾ!"

ಪ್ರೀತಿ ಹಂಚಿ, ತಿಂಡಿ ಹಂಚಿ... ನಿಮಗೆ ಬರೆದುಕೊಟ್ಟ ಮಾತ್ರೆಯನ್ನು ಹಂಚಬೇಡಿ.

ನಿಮ್ಮ ಮನೆಯ ಡಬ್ಬಿಯಲ್ಲಿ ಯಾರ್‍ಯಾರ ಮಾತ್ರೆಗಳಿವೆ... ಇವತ್ತೇ ಒಮ್ಮೆ ಮುಚ್ಚಳ ತೆಗೆದು ನೋಡುತ್ತೀರಾ?