ಪಿಸುಮಾತಿನ ದೃಶ್ಯ

ನಟಿಯ ತುಟಿಗಳು ಅಲುಗಾಡಿದವು. ಕಿವಿಯಣ್ಣನಿಗೆ ಏನೂ ಕೇಳಿಸಲಿಲ್ಲ.

ಹಾಸಿಗೆ ಹಿಡಿದ ಗಂಡನ ಪಕ್ಕ ಕೂತು ಹೆಂಡತಿ ನಾಲ್ಕು ಮಾತು ಪಿಸುಗುಡುವ ದೃಶ್ಯ. ಕೋಣೆಯ ಫ್ಯಾನು ಆರಿಸಿ, ಅಡುಗೆಮನೆಯ ಫ್ರಿಜ್ಜಿನ ಪ್ಲಗ್ಗು ಕಿತ್ತು, ಹತ್ತು ಹದಿನೈದು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಮೂಲೆಯಲ್ಲಿ ರೆಕಾರ್ಡರಿನ ಮುಂದೆ ಕೂತಿದ್ದ ಕಿವಿಯಣ್ಣ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿಕೊಂಡ. ಊಹೂಂ. ವಾಲ್ಯೂಮ್ ತಿರುಗಿಸಿದ. ಊಹೂಂ. ಮೀಟರಿನ ಹಸಿರು ಗೆರೆ ಮಾತ್ರ ಅವಳ ಒಂದೊಂದು ಮಾತಿಗೂ ಏರುತ್ತಿತ್ತು, ಇಳಿಯುತ್ತಿತ್ತು. ಅಂದರೆ ಮೈಕು ಸರಿಯಿದೆ. ರೆಕಾರ್ಡರೂ ಸರಿಯಿದೆ. ಇನ್ನು ಕೆಟ್ಟಿರುವುದು ಏನು ಎಂದು ಅವನಿಗೆ ಹೊಳೆಯಿತು.

ಕಿವಿಯಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕಿದರೂ ಶೂಟಿಂಗ್ ನಿಲ್ಲಿಸಿಬಿಡುತ್ತಿದ್ದವನಿಗೆ ಇಪ್ಪತ್ತೆರಡು ವರ್ಷದ ಕೆಲಸ ಕೊಟ್ಟ ಹೆಸರು. ಆ ಕಿವಿಯನ್ನು ಕಳೆದ ತಿಂಗಳು ಪರೀಕ್ಷೆ ಮಾಡಿದ ಡಾಕ್ಟರು, “ಮೊದಲು ಹೋಗೋದು ಪಿಸುಮಾತು. ಆಮೇಲೆ ನಿಧಾನಕ್ಕೆ ಉಳಿದದ್ದು” ಎಂದಿದ್ದರು. ನಿಧಾನಕ್ಕೆ ಅಂದರೆ ಒಂದು ವರ್ಷವೋ ಹತ್ತು ವರ್ಷವೋ, ಕೇಳುವ ಧೈರ್ಯ ಇವನಿಗೆ ಬಂದಿರಲಿಲ್ಲ. ಹೆಂಡತಿಗೆ ಹೇಳಿರಲಿಲ್ಲ. ಹನ್ನೆರಡು ವರ್ಷದಿಂದ ಜೊತೆಯಲ್ಲೇ ಮೈಕಿನ ಕೋಲು ಹಿಡಿಯುತ್ತಿದ್ದ ಭಾವಮೈದುನನಿಗೂ ಹೇಳಿರಲಿಲ್ಲ. ಕಿವಿ ಹೋದ ಸೌಂಡಿನವನನ್ನು ಯಾರು ತಾನೇ ಕೆಲಸಕ್ಕೆ ಕರೆಯುತ್ತಾರೆ?

“ಕಟ್!” ನಿರ್ದೇಶಕಿಯ ಕೂಗು ಬಾವಿಯ ತಳದಿಂದ ಬಂದ ಹಾಗೆ ಬಂತು. ಅವಳು ಇವನ ಕಡೆ ತಿರುಗಿ ಏನೋ ಕೇಳಿದಳು. ಪ್ರತಿ ಟೇಕ್ ಆದ ಮೇಲೂ ಕೇಳುವುದು ಅದೊಂದನ್ನೇ ಆದ್ದರಿಂದ ಅದಕ್ಕೆ ಕಿವಿ ಬೇಕಾಗಿರಲಿಲ್ಲ.

“ಓಕೆ. ಬೆಣ್ಣೆಯಂಥಾ ಸೌಂಡು,” ಅಂದ ಕಿವಿಯಣ್ಣ. ಹೆಡ್‌ಫೋನ್ ತೆಗೆಯುವುದಕ್ಕೂ ಹೆದರಿಕೆ. ತೆಗೆದರೆ ಯಾರಾದರೂ ಮೆಲ್ಲಗೆ ಮಾತಾಡಿಸಿಯಾರು, ಬಣ್ಣ ಬಯಲಾದೀತು.

ಎರಡನೇ ಟೇಕಿನಲ್ಲೂ ಅದೇ ಕಥೆ. ಇವನು ಮೀಟರನ್ನು ನೋಡಿ ಓಕೆ ಅಂದ. ಮೂರನೆಯದರಲ್ಲಿ ಗಂಡನ ಪಾತ್ರದವನು ಕಣ್ಣು ಬಿಡಬಾರದ ಜಾಗದಲ್ಲಿ ಕಣ್ಣು ಬಿಟ್ಟ. “ನಿಮಗೆ ಹೇಳೋದೂ ಒಂದೇ, ಕಿವುಡನ ಮುಂದೆ ಕಿನ್ನರಿ ಬಾರಿಸೋದೂ ಒಂದೇ!” ಎಂದು ನಿರ್ದೇಶಕಿ ರೇಗಿದಳು. ಅಷ್ಟು ಮಾತಿನಲ್ಲಿ ಕಿವಿಯಣ್ಣನಿಗೆ ಬಿಡಿಸಿ ಕೇಳಿಸಿದ್ದು ‘ಕಿವುಡ’ ಅನ್ನುವುದೊಂದೇ. ತಟ್ಟನೆ ತಲೆಯೆತ್ತಿದರೆ, ಎಲ್ಲರೂ ನಗುತ್ತಿದ್ದದ್ದು ಹಾಸಿಗೆಯಲ್ಲಿದ್ದವನನ್ನು ನೋಡಿ.

ನಾಲ್ಕನೆಯದರಲ್ಲಿ ನಟಿ ನಿಜವಾಗಿಯೇ ಅತ್ತುಬಿಟ್ಟಳು. ಅರವತ್ತು ದಾಟಿದ ಹೆಂಗಸು, ಕಟ್ ಆದ ಮೇಲೂ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದಳು. “ಇನ್ನೊಂದು ಸಲ ನನ್ನ ಕೈಲಾಗಲ್ಲಮ್ಮಾ. ಇದೇ ಕೊನೆ,” ಅಂದಳು. ನಿರ್ದೇಶಕಿ ನೆಟ್ಟಗೆ ಇವನ ಹತ್ತಿರ ಬಂದಳು.

“ಒಂದ್ಸಲ ಕೇಳಿಬಿಡ್ತೀನಿ ಅಣ್ಣ. ಆಮೇಲೆ ಲೈಟೆಲ್ಲಾ ಬಿಚ್ಚಿಸ್ತೀನಿ.” ಇವನು ಬೇಡ ಅನ್ನುವ ಮೊದಲೇ ಹೆಡ್‌ಫೋನು ಅವಳ ತಲೆಗೇರಿತ್ತು. ಟೇಕಿನಲ್ಲಿ ಏನು ಸೇರಿಕೊಂಡಿದೆಯೋ, ಬೀದಿಯ ಹಾರನ್ನೋ, ಬಟ್ಟೆಯ ಸರಬರವೋ, ದೇವರೇ ಬಲ್ಲ. ಪ್ಲೇ ಒತ್ತಿ, ಕಿವಿಯಣ್ಣ ಅವಳ ಮುಖವನ್ನೇ ನೋಡುತ್ತ ನಿಂತ.

“ಏನೂ ಕೇಳಿಸ್ತಿಲ್ವಲ್ಲ ಅಣ್ಣ!”

ಬೇರೆ ಯಾವ ಸೌಂಡಿನವನಿಗಾದರೂ ಜೀವ ಬಾಯಿಗೆ ಬರಬೇಕಿದ್ದ ಮಾತು. ಇವನಿಗೆ ಹೋದ ಜೀವ ಬಂದಂತಾಯಿತು. ಇಪ್ಪತ್ತೆಂಟರ ಹುಡುಗಿಗೂ ಕೇಳಿಸುತ್ತಿಲ್ಲ! ಭಾವಮೈದುನ ಮೈಕಿನ ಕೋಲನ್ನು ಗೋಡೆಗೆ ಒರಗಿಸಿ, ಬಗ್ಗಿ, ಕೇಬಲ್ಲುಗಳ ಗೋಜಲಿನಲ್ಲಿ ಕೈಯಾಡಿಸಿದ. “ಹೆಡ್‌ಫೋನಿನ ಪಿನ್ನು ಕಳಚಿಕೊಂಡಿದೆ. ವೈರು ಕುರ್ಚಿ ಕಾಲಿಗೆ ಸಿಕ್ಕಿಬಿಟ್ಟಿದೆ,” ಎಂದು ಒಳಗೆ ತಳ್ಳಿದ. ಈಗಷ್ಟೇ ಕಳಚಿರಬೇಕು ಎಂದುಕೊಂಡು ನಿರ್ದೇಶಕಿ ಮತ್ತೆ ಕೇಳಿದಳು. ಅವಳ ಕಣ್ಣು ತುಂಬಿತು. “ಹೇಳಿದ ಹಾಗೇ ಇದೆ, ಬೆಣ್ಣೆ!” ಎಂದು ಹೆಡ್‌ಫೋನ್ ವಾಪಸು ಕೊಟ್ಟು, ಪ್ಯಾಕಪ್ ಎಂದು ಕೂಗುತ್ತ ಹೋದಳು.

ಕಿವಿಯಣ್ಣ ಹೆಡ್‌ಫೋನ್ ಹಾಕಿಕೊಂಡ. ‘ನೀವು ಮೊದಲು ಹೋಗಬೇಡಿ, ನಂಗೆ ಒಬ್ಬಳೇ ಇರೋಕೆ ಬರಲ್ಲ.’ ಅಕ್ಷರ ಅಕ್ಷರವೂ ಕೇಳಿಸಿತು. ಬದುಕಿದೆಯಾ ಬಡಜೀವವೇ ಎಂದುಕೊಂಡು ಒಬ್ಬನೇ ನಕ್ಕ. ದೀಪ ಬಿಚ್ಚುತ್ತಿದ್ದವರನ್ನೂ ಕರೆದು ಎರಡು ಜೋಕು ಹೇಳಿದ.

ಭಾವಮೈದುನ ನಗಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಬಲ್ ಸುತ್ತುತ್ತಿದ್ದ.

“ಭಾವ, ಮೊದಲ್ನೇ ಟೇಕಿಂದ್ಲೂ ನೀವು ವಾಲ್ಯೂಮ್ ತಿರುಗಿಸ್ತಾನೇ ಇದ್ರಿ. ನೋಡ್ತಾ ಇದ್ದೆ.”

“ಪಿನ್ನು ಕಳಚಿತ್ತಲ್ಲೋ ಮಾರಾಯ. ಯಾರಿಗೆ ಆಗಲ್ಲ ಹೇಳು.”

“ಆಗತ್ತೆ. ಆದ್ರೆ ಹೆಡ್‌ಫೋನ್ ಸತ್ತರೆ ಯಾರಾದ್ರೂ ಸೂರು ಹಾರಿಹೋಗೋ ಹಾಗೆ ಕೂಗ್ತಾರೆ. ನೀವು ಎರಡು ಸಲ ಓಕೆ ಅಂದ್ರಿ.”

ಕಿವಿಯಣ್ಣ ರೆಕಾರ್ಡರಿನ ಚೀಲದ ಜಿಪ್ಪನ್ನು ಎಳೆದ, ಮತ್ತೆ ತೆಗೆದ. ಭಾವಮೈದುನ ಸುತ್ತಿದ ಕೇಬಲ್ಲನ್ನು ಚೀಲದೊಳಗಿಟ್ಟು, ಅವನ ಮುಖಕ್ಕೆ ತೀರಾ ಹತ್ತಿರ ಬಂದು, ಎಂದಿಗಿಂತ ಸ್ವಲ್ಪ ಗಟ್ಟಿಯಾಗಿಯೇ ಕೇಳಿದ:

“ಅಕ್ಕಂಗೆ ಗೊತ್ತಾ?”