ಬೀಗವಿಲ್ಲದ ಕೋಟೆ

ಹಳೆಯ ಪುಸ್ತಕದ ರಟ್ಟಿನಿಂದ ಮೈದಾ ಅಂಟಿನ ವಾಸನೆ ಬಂದರೆ ನಾನು ಈಗಲೂ ಜಯನಗರದ ಆ ಹಿತ್ತಿಲ ಜಗಲಿಗೆ ಹೋಗಿ ಕೂರುತ್ತೇನೆ.

ಅರವತ್ತರ ದಶಕದ ಶುರು. ಸುತ್ತ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮುಟ್ಟಾಗಿದ್ದ ನಾನು ಮೂರು ದಿನ ಒಳಗೆ ಬರುವಂತಿರಲಿಲ್ಲ. ಗೋಣಿತಟ್ಟಿನ ಮೇಲೆ ಒಬ್ಬಳೇ ಕೂತಿದ್ದೆ. ತಟ್ಟೆ ಬೇರೆ, ಲೋಟ ಬೇರೆ. ಮನೆಯ ಪುಸ್ತಕಗಳನ್ನೂ ಮುಟ್ಟಬಾರದು. ಬಾಡಿಗೆ ಲೈಬ್ರರಿಯಿಂದ ತಂದ ಮಾಯಾಲೋಕದ ಕಾದಂಬರಿಯೊಂದನ್ನು ಮಾತ್ರ ಅಮ್ಮ ದೂರದಿಂದಲೇ ನನ್ನತ್ತ ಎಸೆದು, “ಅದು ಊರೆಲ್ಲಾ ತಿರುಗಿ ಬಂದಿದ್ದು, ಅದಕ್ಕೇನು ಮಡಿ?” ಎಂದಿದ್ದಳು.

ರಾಕ್ಷಸ, ಹಾರುವ ಮಂಚ, ಸೆರೆಯಾದ ರಾಜಕುಮಾರಿ. ಪುಟಪುಟಕ್ಕೂ ನಾಲಿಗೆಯಲ್ಲೇ ಉಳಿಯುವಂಥ ಮಾತುಗಳು. ಮಾತಾಡಲು ಯಾರೂ ಇಲ್ಲದೆ, ಅವನ್ನೇ ಗಟ್ಟಿಯಾಗಿ ಓದಿ ನನಗೆ ನಾನೇ ಕೇಳಿಸಿಕೊಳ್ಳುತ್ತಿದ್ದೆ.

“ಈ ಕೋಟೆಯ ಬಾಗಿಲಿಗೆ ಬೀಗವಿಲ್ಲ, ರಾಜಕುಮಾರಿ. ನಿನ್ನ ಭಯವನ್ನೇ ಕಾವಲಿಗೆ ನಿಲ್ಲಿಸಿದ್ದೇನೆ.”

ಆಚೆ ಬಿಸಿಲಲ್ಲಿ ಹಪ್ಪಳ ಕಾಯುತ್ತಿದ್ದ ಅಜ್ಜಿ ತಲೆಯೆತ್ತಿದರು. ಅಪ್ಪನ ಸೋದರತ್ತೆ ಅವರು. ನನ್ನ ಆಗಿನ ಹದಿನಾಲ್ಕರ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟವರು.

“ಅದನ್ನ ಇನ್ನೊಂದ್ಸಲ ಓದೇ.”

ಓದಿದೆ. ಕಾಗೆಯೊಂದು ಬಂದು ಹಪ್ಪಳ ಕಚ್ಚಿಕೊಂಡು ಹಾರಿತು. ಅಜ್ಜಿ ಕೈಯಲ್ಲಿದ್ದ ಕೋಲನ್ನು ಎತ್ತಲೇ ಇಲ್ಲ.

“ಆ ಹುಡುಗಿ ಕೊನೆಗೆ ಆಚೆ ಬರ್ತಾಳೇನೇ?”

“ಗೊತ್ತಿಲ್ಲ ಅಜ್ಜಿ, ಇನ್ನೂ ಅರ್ಧ ಓದೋದಿದೆ.”

ಅಜ್ಜಿ ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

“ಬರ್ದೇ ಇದ್ರೆ ನಂಗೆ ಹೇಳ್ಬೇಡ.”