ಉಲ್ಟಾ ಥ್ರೆಡ್ಡಿನ ಬೋಲ್ಟು

"ಇಲ್ಲ," ಎಂದ ಅಂಗಡಿಯವನು. ಅವಳು ಹೆಗಲ ಚೀಲವನ್ನು ಇನ್ನೂ ಕೆಳಗೆ ಇಳಿಸಿರಲಿಲ್ಲ.

"ಏನು ಬೇಕು ಅಂತಾನೇ ನಾನು ಹೇಳಿಲ್ವಲ್ಲ ಅಣ್ಣ."

"ಗರಗಸದ ಮೆಷಿನ್ನು ತಾನೇ? ಬ್ಲೇಡಿನ ಬೋಲ್ಟು. ಅದೆಲ್ಲ ಈಗ ಎಲ್ಲಿ ಬರತ್ತೆ?" ಅವನು ಮುಖ ಎತ್ತದೆ ಮೊಳೆ ತೂಗುತ್ತಲೇ ಇದ್ದ.

ಚೀಲದ ಬಾಯಿಂದ ಮೆಷಿನ್ನಿನ ಹಿಡಿ ಇಣುಕುತ್ತಿತ್ತು. ಅದನ್ನು ನೋಡಿಯೇ ಹೇಳಿರಬೇಕು ಎಂದುಕೊಂಡು ಅವಳು ಮೆಟ್ಟಿಲಿಳಿದಳು. ಇದು ಹನ್ನೊಂದನೆಯ ಅಂಗಡಿ. ಬೇರೆ ಕಡೆಯೂ ಹೀಗೇ ಆಗಿತ್ತು. ಒಬ್ಬನಾದರೂ ಮೆಷಿನ್ನನ್ನು ಕೈಗೆತ್ತಿಕೊಂಡು ನೋಡುವ ಸೌಜನ್ಯ ತೋರಿರಲಿಲ್ಲ. ಜನಕ್ಕೆ ವ್ಯಾಪಾರವೇ ಬೇಡವಾಗಿದೆಯೇನೋ!

ಮೆಷಿನ್ನು ಬಡಗಿ ಮಾವನದು. ಮೂವತ್ತು ವರ್ಷ ಅವರ ಕೈಯಲ್ಲಿ ಸವೆದದ್ದು. ಅದನ್ನು ತಯಾರಿಸಿದ ಕಂಪನಿಯೇ ಈಗಿಲ್ಲ. ಬ್ಲೇಡನ್ನು ಹಿಡಿದಿಡುವ ಒಂದೇ ಒಂದು ಬೋಲ್ಟು, ಕೆಲಸ ಮಾಡುತ್ತಿದ್ದಾಗ ಬಿಚ್ಚಿಕೊಂಡು ಮೋರಿಗೆ ಬಿತ್ತು ಎಂದಿದ್ದರು ಮಾವ. ಏಳು ಮಿಲಿಮೀಟರಿನದು ಹಾಕಿದರೆ ಸಡಿಲ, ಎಂಟರದು ಒಳಗೇ ಹೋಗದು. ಸಾಲದ್ದಕ್ಕೆ ಥ್ರೆಡ್ಡು ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂಥದ್ದು.

ಅಂದಿನಿಂದ ಮೂರು ವಾರ, ಮಾವ ಅರ್ಧ ಆಳಾಗಿದ್ದರು. ಮಾತಿಲ್ಲ, ಕತೆಯಿಲ್ಲ. ಬೆಳಗ್ಗೆ ಒಂದು ಸುತ್ತು ನಡೆದು ಬರುವುದನ್ನು ಬಿಟ್ಟರೆ ಉಳಿದ ಹೊತ್ತೆಲ್ಲ ಗೋಡೆ ಕಡೆ ಮುಖ ಮಾಡಿ ಮಲಗುವುದು. ಹೊಸ ಮೆಷಿನ್ನು ತರೋಣವೆಂದರೆ, "ನನ್ನ ಕೈಗೆ ಇನ್ನು ಯಾವುದೂ ಒಗ್ಗಲ್ಲಮ್ಮ," ಎಂದರು. ಡಾಕ್ಟರು ಪರೀಕ್ಷಿಸಿ, ಮೈಯಲ್ಲಿ ಏನೂ ಇಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂದರು. ಲಾರಿ ಓಡಿಸುವ ಗಂಡ ಫೋನಿನಲ್ಲಿ, "ಏನಾದ್ರೂ ಮಾಡೇ, ಅಪ್ಪನ್ನ ಉಳಿಸ್ಕೊ," ಎಂದ. ಅವನು ಬರಲು ಇನ್ನೂ ಹತ್ತು ದಿನವಿತ್ತು.

ಅವಳಿಗೆ ಈ ರೋಗ ಗೊತ್ತಿತ್ತು. ಗಿರಣಿ ಮುಚ್ಚಿದ ಮೇಲೆ ಅವಳ ಸ್ವಂತ ಅಪ್ಪ ಹೀಗೇ ಗೋಡೆ ನೋಡುತ್ತ ಮಲಗಿದ್ದ. ಆರು ತಿಂಗಳೂ ಬಾಳಲಿಲ್ಲ. ಮಾವನನ್ನೂ ಹಾಗೆ ಕಳಿಸಿಕೊಡಲು ಅವಳು ತಯಾರಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ, ಅಡುಗೆಮನೆಯ ಕಟ್ಟೆ ಎತ್ತರವಾಯಿತೆಂದು ಅವಳು ಬಾಯಿಬಿಟ್ಟು ಹೇಳುವ ಮೊದಲೇ ಕಾಲಡಿಗೆ ಮಣೆ ಮಾಡಿಟ್ಟ ಮನುಷ್ಯ ಅದು.

ಸಂಜೆ ಬರಿಗೈಯಲ್ಲಿ ಬಂದಾಗಲೆಲ್ಲ ಮಾವ ಕೇಳುತ್ತಿದ್ದರು.

"ಸಿಕ್ತೇನಮ್ಮ?"

"ಇಲ್ಲ ಮಾವ."

"ಹೋಗ್ಲಿ ಬಿಡು. ರೈಲ್ವೆ ಗೇಟಿನ ಹತ್ರ ಗುಜರಿಯವನಿದಾನೆ, ನಾಳೆ ಅಲ್ಲಿ ಕೇಳ್ನೋಡು."

ಮುಂದೆ ಯಾವ ಅಂಗಡಿ ಎಂದು ಅವರೇ ಹೇಳುತ್ತಿದ್ದರು. ಅವರಿಗೆ ಗೊತ್ತಿಲ್ಲದ ಕಬ್ಬಿಣದ ಅಂಗಡಿ ಯಾವುದಿದೆ? ಅವಳು ಸೋತು ಬಂದ ರಾತ್ರಿ ಎರಡು ತುತ್ತು ಹೆಚ್ಚೇ ಉಣ್ಣುತ್ತಿದ್ದರು. ತನ್ನ ಸಮಾಧಾನಕ್ಕೆ ಹಾಗೆ ಮಾಡುತ್ತಾರೆಂದು ಅವಳು ಅಂದುಕೊಳ್ಳುತ್ತಿದ್ದಳು.

ಹನ್ನೊಂದನೆಯ ಅಂಗಡಿಯಿಂದ ಬಂದವಳು ಬಸ್ ಸ್ಟಾಪಿನ ಬೆಂಚಿನ ಮೇಲೆ ಕುಸಿದಳು. ಎದುರಿಗೆ ಜನರಿದ್ದರೂ ಅಳು ತಡೆಯಲಾಗಲಿಲ್ಲ. ಆಗಲೇ ಬೆನ್ನ ಹಿಂದೆ ಕಬ್ಬಿಣ ಕೊರೆಯುವ ಸದ್ದು ಕೇಳಿತು. ಹೋಗಿ ನೋಡಿದರೆ, ಬಣ್ಣದ ವಾಸನೆಯೂ ಆರದ ಒಂದು ಲೇತ್ ಅಂಗಡಿ. ತೆರೆದು ನಾಲ್ಕು ದಿನವಾಗಿತ್ತಂತೆ.

ಲೇತಿನವನು ಇಲ್ಲ ಎನ್ನಲಿಲ್ಲ. ಮೆಷಿನ್ನನ್ನು ತಿರುಗಿಸಿ ಮುರುಗಿಸಿ ನೋಡಿದ, ರಂಧ್ರದ ಅಳತೆ ತೆಗೆದ. ಒಂದು ಗಂಟೆಯಲ್ಲಿ ಬೋಲ್ಟು ಅವಳ ಅಂಗೈಯಲ್ಲಿ ಬೆಚ್ಚಗೆ ಕೂತಿತ್ತು.

"ಬ್ಲೇಡು ತಿರುಗಿದಷ್ಟೂ ಇದು ಬಿಗಿಯಾಗತ್ತೆ ಅಕ್ಕ. ಅದಕ್ಕೇ ಥ್ರೆಡ್ಡು ಉಲ್ಟಾ ಇರೋದು. ತಾನಾಗೇ ಬಿಚ್ಕೊಂಡು ಬಿತ್ತು ಅಂದ್ರಲ್ಲ, ಅದು ಹೇಗೆ?"

ಹೇಗಾದರೇನು! ಅವಳು ಅವನಿಗೆ ಕೈಮುಗಿದು ಓಡಿದಳು.

ಮಾವ ಬೋಲ್ಟನ್ನು ಹೆಬ್ಬೆರಳಿನಿಂದ ಸವರಿದರು. ಬಹಳ ಹೊತ್ತು ಸವರಿದರು.

"ಯಾರು ಮಾಡಿದ್ದು?"

"ಬಸ್ ಸ್ಟಾಪ್ ಹಿಂದೆ ಹೊಸ ಲೇತ್ ಅಂಗಡಿ ಆಗಿದೆ ಮಾವ."

"ಅಲ್ಲೊಂದು ಅಂಗಡಿ ಇದೆಯಾ?" ಅವರ ದನಿ ನಡುಗಿತು. ಸಂತೋಷಕ್ಕೆ ಎಂದುಕೊಂಡಳು.

"ಇವತ್ತು ಬೇಡಮ್ಮ. ನಾಳೆ ನೋಡೋಣ."

"ನಾಳೆ ಗೀಳೆ ಏನಿಲ್ಲ. ಏಳಿ ಮಾವ, ನನಗೋಸ್ಕರ."

ಅವಳೇ ಬ್ಲೇಡು ಕೂರಿಸಿ ಬೋಲ್ಟು ಬಿಗಿದಳು. ಹಲಗೆಯನ್ನು ಮೇಜಿನ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದಳು. ಕೈ ಹಿಡಿದು ಕರೆತಂದು ಮೆಷಿನ್ನನ್ನು ಅವರಿಗೆ ಒಪ್ಪಿಸಿದಳು. ಸ್ವಿಚ್ಚು ಒತ್ತಿದ್ದೇ ತಡ, ಮನೆಯೆಲ್ಲ ಮೊಳಗುವ ಹಾಗೆ ಅದು ಜೀವ ತಳೆಯಿತು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು.

ಬ್ಲೇಡು ಹಲಗೆಯೊಳಗೆ ನುಗ್ಗಿತು. ಗೆರೆಯಿಂದ ಒಂದು ಬೆರಳು ಆಚೆ ಸರಿಯಿತು. ಆಮೇಲೆ ಒಂದು ಅಂಗೈ. ಆಮೇಲೆ, ಹಲಗೆಯನ್ನು ಅದುಮಿ ಹಿಡಿದಿದ್ದ ಅವರ ಎಡಗೈಯತ್ತಲೇ ನೇರ ಹೊರಟಿತು. ಅವಳು ಚೀರುತ್ತ ಪ್ಲಗ್ಗು ಕಿತ್ತಳು. ಬೆರಳಿಗೂ ಬ್ಲೇಡಿಗೂ ನಡುವೆ ಒಂದು ಕಾಳಿನಷ್ಟು ಜಾಗ ಉಳಿದಿತ್ತು.

"ಗೆರೆ ಎಳೆದಿದ್ಯಾ ಅಮ್ಮ?" ಎಂದು ಮಾವ ಮೆಲ್ಲಗೆ ಕೇಳಿದರು. "ಎಲ್ಲಿ?"

ಅವರು ಮರದ ಹೊಟ್ಟಿನ ಮೇಲೆಯೇ ಕೂತುಬಿಟ್ಟರು.

"ಎರಡು ತಿಂಗಳಿಂದ ಗೆರೆ ಕಾಣ್ತಿಲ್ಲ ಕಣಮ್ಮ. ಬಡಗಿ ಆಗಿ ಅದನ್ನ ಹೇಗೆ ಬಾಯಿಬಿಟ್ಟು ಹೇಳ್ಲಿ? ಬೋಲ್ಟು ನಾನೇ ಬಿಚ್ಚಿ ಎಸೆದೆ," ಎಂದು ಅವರು ಮಗುವಿನಂತೆ ಅತ್ತರು. "ದಿನಾ ಬೆಳಗ್ಗೆ ನಿನಗಿಂತ ಮುಂಚೆ ಹೋಗಿ, ನನ್ನ ಸೊಸೆ ಬಂದ್ರೆ ಇಲ್ಲ ಅಂದ್ಬಿಡ್ರಪ್ಪಾ ಅಂತ ಹನ್ನೊಂದು ಅಂಗಡೀಲೂ ಕೈಮುಗಿದು ಬಂದಿದ್ದೆ."